ಕ್ಯಾಮರೊದ ಒಡಲು ಬಿಚ್ಚಿದ ವಿದ್ಯಾರ್ಥಿಗಳು

ಎಂಜಿನ್ನೂ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಕಾರು ಟೊಯೊಟಾ ಪ್ರಿಯಸ್ ಜಪಾನಿನ ರಸ್ತೆಗಿಳಿದದ್ದು 1997ರ ಡಿಸೆಂಬರಿನಲ್ಲಿ. ಅದಕ್ಕೂ ನಾಲ್ಕು ವರ್ಷ ಮೊದಲೇ, 1993ರಲ್ಲಿ, ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ತಾವೇ ಕಟ್ಟಿದ ಹೈಬ್ರಿಡ್ ಕಾರುಗಳನ್ನು ಅಮೆರಿಕದ ಡಿಯರ್‌ಬಾರ್ನ್‌ಗೆ ತಂದಿದ್ದರು. ಫೋರ್ಡ್ ಕಂಪನಿಯೂ ಅಲ್ಲಿನ ಇಂಧನ ಇಲಾಖೆಯೂ ಸೇರಿ ಏರ್ಪಡಿಸಿದ್ದ ಸ್ಪರ್ಧೆ ಅದು. ಕೆಲವರು ಫೋರ್ಡ್ ಎಸ್ಕಾರ್ಟನ್ನೇ ಮಾರ್ಪಡಿಸಿದ್ದರು. ಉಳಿದವರು ಚಾಸಿಯಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಕಟ್ಟಿದ್ದರು.

ಫ್ಯೂಚರ್‌ಕಾರ್, ಫ್ಯೂಚರ್‌ಟ್ರಕ್, ಚಾಲೆಂಜ್ ಎಕ್ಸ್ ಎಂದು ಹೆಸರು ಬದಲಿಸುತ್ತ ಮುಂದುವರಿದ ಈ ಸ್ಪರ್ಧೆಗಳ ಸರಣಿ ಇಕೋಕಾರ್ ಆಯಿತು.

ಇದರಲ್ಲಿ ತಮಾಷೆಯ ಅಧ್ಯಾಯ 2014ರದು. 16 ತಂಡಗಳ ಮುಂದಿಟ್ಟದ್ದು ಷೆವರ್ಲೆ ಕ್ಯಾಮರೊ. ಗುಡುಗುವ ಎಂಜಿನ್ನಿಗೇ ಹೆಸರಾದ ಕಾರು! ಗತ್ತು ಉಳಿಯಬೇಕು, ಹೊಗೆ ಇಳಿಯಬೇಕು. ಗಡುವು ನಾಲ್ಕು ವರ್ಷ. ಅಷ್ಟರಲ್ಲಿ ಶುರು ಮಾಡಿದವರೇ ಪದವಿ ಮುಗಿಸಿ ಹೊರಟಿರುತ್ತಾರೆ, ಅದು ಬೇರೆ ತಲೆನೋವು.

ಒಹಾಯೊ ಸ್ಟೇಟ್ ತಂಡ ಎಥೆನಾಲ್ ಮಿಶ್ರ ಇಂಧನದ ಸಣ್ಣ ಎಂಜಿನ್ ಕೂರಿಸಿತು. ವಿದ್ಯುತ್ ಮೋಟಾರನ್ನು ಗೇರ್‌ಬಾಕ್ಸಿನ ಆಚೆ, ಹಿಂದಿನ ಚಕ್ರಗಳ ಕಡೆಗೆ ಜೋಡಿಸಿತು. ಜಾಣ್ಮೆ ಇರುವುದೇ ಅಲ್ಲಿ: ಗೇರ್ ಬದಲಾಗುವಾಗ ಕ್ಲಚ್ ಬಿಟ್ಟುಕೊಂಡು ಎಂಜಿನ್ನಿನ ಎಳೆತ ನಿಂತರೂ ಮೋಟಾರ್ ಎಳೆಯುತ್ತಲೇ ಇರಬಲ್ಲದು, ಕಾರು ಮುಗ್ಗರಿಸುವುದಿಲ್ಲ. ನಾಲ್ಕೂ ವರ್ಷ ಮೊದಲ ಸ್ಥಾನ ಈ ತಂಡಕ್ಕೇ.

ನಂತರ ಷೆವರ್ಲೆ ಬ್ಲೇಜರ್‌ನ ಸರದಿ ಬಂತು. 2022ರಲ್ಲಿ ಶುರುವಾದ ಸುತ್ತಿಗೆ ಆರಿಸಿದ ಕ್ಯಾಡಿಲಾಕ್ ಲಿರಿಕ್‌ನಲ್ಲಿ ಎಂಜಿನ್ನೇ ಇಲ್ಲ, ಬ್ಯಾಟರಿ ಮಾತ್ರ.