ಸಾಬೀತು ಮಾಡಬೇಕಾದವರು ಯಾರು?

ತಿಕೋಟಾದ ರೈತನೊಬ್ಬ ಬಬಲೇಶ್ವರದ ತನ್ನ ಬೀಗರಿಗೆ 50 ಸಾವಿರ ರೂಪಾಯಿ ಕೈಗಡ ಕೊಟ್ಟನೆಂದು ಇಟ್ಟುಕೊಳ್ಳೋಣ. ಕಾಗದಪತ್ರ ಆಗಿಲ್ಲ. ವಾಯಿದೆ ಮುಗಿದ ಮೇಲೆ ಕೇಳಿದರೆ ಬೀಗರು ನಾಲ್ಕು ಬಗೆಯಲ್ಲಿ ಉತ್ತರಿಸಬಹುದು. 'ಹೌದ್ರೀ, ತೊಗೊಂಡೀನಿ.' 'ನಾ ತೊಗೊಂಡೇ ಇಲ್ಲ.' 'ತೊಗೊಂಡಿದ್ದೆ, ಆದ್ರ ತಿರುಗಿ ಕೊಟ್ಟೀನಿ.' 'ಇದರ ನ್ಯಾಯ ಹಿಂದೇ ಮುಗದೈತಿ, ನೀವು ಸೋತೀರಿ.'

ಈ ನಾಲ್ಕು ಉತ್ತರಗಳಿಗೂ ಹೆಸರಿಟ್ಟು ಚರ್ಚಿಸಿದ ಗ್ರಂಥವೊಂದು ಕನ್ನಡ ನಾಡಿನಲ್ಲೇ ಹುಟ್ಟಿತು. ಅದು ವಿಜ್ಞಾನೇಶ್ವರನ 'ಮಿತಾಕ್ಷರ'. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ರಚನೆಯಾದ ಇದು ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ವಿಜಯಪುರ ಸೀಮೆಯ ತರ್ದವಾಡಿ ನಾಡು ಆಗ ಅದೇ ಚಾಲುಕ್ಯರ ಆಳ್ವಿಕೆಯಲ್ಲಿತ್ತು.

ಹಳೆಯ ಸ್ಮೃತಿಕಾರರನ್ನು ಅನುಸರಿಸಿ ವಿಜ್ಞಾನೇಶ್ವರ ಈ ಉತ್ತರಗಳನ್ನು ಸಂಪ್ರತಿಪತ್ತಿ, ಮಿಥ್ಯಾ, ಪ್ರತ್ಯವಸ್ಕಂದನ, ಪ್ರಾಙ್ನ್ಯಾಯ ಎಂದು ವಿಂಗಡಿಸುತ್ತಾನೆ. ಒಪ್ಪಿಕೊಂಡರೆ ಸಾಕ್ಷ್ಯದ ಮಾತೇ ಇಲ್ಲ. 'ತೊಗೊಂಡೇ ಇಲ್ಲ' ಎಂದರೆ, ಕೊಟ್ಟದ್ದನ್ನು ರೈತನೇ ತೋರಿಸಬೇಕು. 'ತಿರುಗಿ ಕೊಟ್ಟೀನಿ' ಎಂದರೆ ಹೊಣೆ ಬೀಗರ ಹೆಗಲಿಗೆ ಬೀಳುತ್ತದೆ. ಹಿಂದಿನ ತೀರ್ಪಿನ ಮಾತೆತ್ತಿದವರು ಆ ತೀರ್ಪನ್ನು ತೋರಿಸಬೇಕು. ಯಾರ ಬಳಿಯೂ ದಾಖಲೆ ಇಲ್ಲದಿದ್ದಾಗ, ಹಣ ಕಳೆದುಕೊಳ್ಳುವವರು ಯಾರೆಂಬುದನ್ನು ಈ ನಿಯಮವೇ ತೀರ್ಮಾನಿಸಿಬಿಡುತ್ತದೆ.

ಇದೇ ಗಂಟು ಕಂಪ್ಯೂಟರ್ ತಜ್ಞರಿಗೂ ಎದುರಾಯಿತು. ಗಣಿತದಲ್ಲಿ ಒಮ್ಮೆ ಸಿದ್ಧವಾದ ಮಾತು ಮತ್ತೆ ಸುಳ್ಳಾಗುವುದಿಲ್ಲ. ವ್ಯಾಜ್ಯ ಹಾಗಲ್ಲ, ಹೊಸದೊಂದು ರಸೀದಿ ಬಂದರೆ ಗೆದ್ದ ವಾದವೂ ಮುರಿಯುತ್ತದೆ. ಬ್ಯಾಂಕಾಕಿನ ಏಷ್ಯನ್ ತಂತ್ರಜ್ಞಾನ ಸಂಸ್ಥೆಯ ಫಾನ್ ಮಿನ್ ಡುಂಗ್ 1995ರಲ್ಲಿ ಇದಕ್ಕೊಂದು ಸರಳ ಚಿತ್ರ ಕೊಟ್ಟರು. ಪ್ರತಿ ವಾದವೂ ಒಂದು ಬಿಂದು, ಒಂದು ವಾದ ಇನ್ನೊಂದನ್ನು ಖಂಡಿಸಿದರೆ ಅದೊಂದು ಬಾಣ. 'ಸಾಲವಿದೆ' ಎಂಬ ವಾದವನ್ನು 'ತೀರಿಸಿದ ರಸೀದಿ ಇದೆ' ಎಂಬುದು ಹೊಡೆಯುತ್ತದೆ. 'ರಸೀದಿ ನಕಲಿ' ಎಂಬುದು ಅದನ್ನೂ ಹೊಡೆದರೆ ಮೊದಲನೆಯದು ಮತ್ತೆ ಎದ್ದು ನಿಲ್ಲುತ್ತದೆ.

ಆದರೆ ಯಾರು ಏನನ್ನು ಸಾಬೀತು ಮಾಡಬೇಕೆಂದು ಬಾಣಗಳು ಹೇಳುವುದಿಲ್ಲ. ವಾದಿ, ಪ್ರತಿವಾದಿಗಳು ಒಪ್ಪುತ್ತ, ನಿರಾಕರಿಸುತ್ತ ವಿವಾದದ ಅಂಶಗಳನ್ನು ಬೇರ್ಪಡಿಸುವ ಮಾದರಿಯನ್ನು ಥಾಮಸ್ ಗಾರ್ಡನ್ ಅದೇ 1995ರಲ್ಲಿ ಪುಸ್ತಕವಾಗಿ ತಂದರು. ಸಾಬೀತಿನ ಹೊಣೆಯನ್ನೇ ತರ್ಕಕ್ಕೆ ಅಳವಡಿಸುವ ಕೆಲಸವನ್ನು ಹೆನ್ರಿ ಪ್ರಾಕನ್, ಜೊವಾನ್ನಿ ಸಾರ್ತೋರ್ ಮುಂತಾದವರು ಮಾಡಿದರು. ಇವರೆಲ್ಲ ಮಿತಾಕ್ಷರ ಓದಿ ಹೀಗೆ ಮಾಡಿದರೆಂದಲ್ಲ. ಎರಡು ಕಡೆಯ ಮಾತು ಕೇಳಿ ತೀರ್ಮಾನಿಸಬೇಕಾದಲ್ಲೆಲ್ಲ ಈ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಮಿತಾಕ್ಷರ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಪ್ರಮಾಣಗಳನ್ನು ಮೊದಲು ಕೇಳುತ್ತದೆ. ಅವು ಸಿಗದಿದ್ದಾಗ ತಕ್ಕಡಿ, ಬೆಂಕಿ, ನೀರು, ವಿಷಗಳ 'ದಿವ್ಯ'ಕ್ಕೆ ಅವಕಾಶ ಕೊಡುತ್ತದೆ. ದಿವ್ಯದ ತೀರ್ಪಿಗೆ ಕಾರಣ ಕೇಳುವಂತಿರಲಿಲ್ಲ. ರಸೀದಿ ಅಸಲಿಯೋ ನಕಲಿಯೋ ಎಂಬುದು ಬಿಂದು ಬಾಣಗಳ ಚಿತ್ರಕ್ಕೂ ತಾನಾಗಿ ತಿಳಿಯದು. ಆದರೆ ಯಾವ ವಾದ ಯಾವುದನ್ನು ಮುರಿಯಿತು ಎಂಬುದನ್ನು ಅದು ತೆರೆದು ತೋರಿಸಬಲ್ಲದು. ಕಾರಣ ಹೇಳದೆ ಉತ್ತರ ಮಾತ್ರ ಕೊಡುವ ಯಂತ್ರವನ್ನು ನಂಬಿ ತೀರ್ಪು ಕೊಟ್ಟರೆ, ಸೋತವನ ಪಾಲಿಗೆ ಅದೂ ಒಂದು ದಿವ್ಯವೇ.