ಗಡಿಕಲ್ಲಿನ ಶಾಪ, ದಶಮಾಂಶದ ಹೊಲ: ಇಂಗ್ಲೆಂಡಿನ ಸಾಮೂಹಿಕ ಭೂಮಿ ಮತ್ತು ಸಭಾಪಾಲಕರು

ಆಂಗ್ಲಿಕನ್ ಸಭೆಯ ಸಾಮಾನ್ಯ ಪ್ರಾರ್ಥನಾ ಪುಸ್ತಕದಲ್ಲಿ ಲೆಂಟ್ ಕಾಲದ ಮೊದಲ ದಿನಕ್ಕೆಂದು ಗೊತ್ತುಮಾಡಿದ ಆರಾಧನಾಕ್ರಮವೊಂದಿದೆ. ಧರ್ಮೋಪದೇಶಕಾಂಡದ 27ನೆಯ ಅಧ್ಯಾಯವನ್ನು ಆಧರಿಸಿದ ಶಾಪವಚನಗಳನ್ನು ಸಭಾಪಾಲಕನು ಒಂದೊಂದಾಗಿ ಓದುತ್ತಾನೆ; ಸಭೆಯವರು ಪ್ರತಿಯೊಂದಕ್ಕೂ ಆಮೆನ್ ಎನ್ನುತ್ತಾರೆ. ನೆರೆಯವನ ಗಡಿಕಲ್ಲನ್ನು ಸರಿಸುವವನ ಮೇಲಿನ ಶಾಪವೂ ಅವುಗಳಲ್ಲಿ ಒಂದು. ಹದಿನೆಂಟನೆಯ ಶತಮಾನದ ಮಧ್ಯಭಾಗದಿಂದ ಇಂಗ್ಲೆಂಡಿನ ಸಾವಿರಾರು ಗ್ರಾಮಗಳಲ್ಲಿ ಹಳೆಯ ಗಡಿಗಳನ್ನು ಅಳಿಸಿ ಹೊಸ ಬೇಲಿಗಳನ್ನು ಹಾಕಿದಾಗಲೂ ಇದೇ ಪುಸ್ತಕ ಬಳಕೆಯಲ್ಲಿತ್ತು. ಬೇಲಿ ಹಾಕುವ ಚಳವಳಿಯ ಚರಿತ್ರೆಯನ್ನು ಒಡೆಯರ ಮತ್ತು ಕೂಲಿಕಾರರ ಕಥೆಯೆಂದೇ ಓದುವುದು ರೂಢಿ. ಆ ಕಥೆಯಲ್ಲಿ ಶಾಪವನ್ನು ಓದಿದವನು ಎಲ್ಲಿ ನಿಂತಿದ್ದನು ಎಂಬುದು ಇಲ್ಲಿನ ವಿಚಾರ.

ಸಾಮೂಹಿಕ ಭೂಮಿ ಎಂದೊಡನೆ ಕನ್ನಡ ಓದುಗರಿಗೆ ಗೋಮಾಳ ನೆನಪಾಗುತ್ತದೆ. ಹೋಲಿಕೆ ಉಪಯುಕ್ತವೇ ಹೊರತು ಪೂರ್ಣವಲ್ಲ. ಗೋಮಾಳವು ಸರಕಾರದ ಭೂಮಿ. ಇಂಗ್ಲೆಂಡಿನಲ್ಲಿ ನೆಲದ ಒಡೆತನ ಸಾಮಾನ್ಯವಾಗಿ ಊರಿನ ಭೂಒಡೆಯನದಾಗಿದ್ದು, ಅದರ ಬಳಕೆಯ ಹಕ್ಕು ಊರವರದಾಗಿತ್ತು. ಹಸು ಮೇಯಿಸುವುದು, ಹೆಬ್ಬಾತು ಬಿಡುವುದು, ಒಲೆಗೆ ಮುಳ್ಳುಪೊದೆ ಕಡಿದು ತರುವುದು, ಇವೆಲ್ಲ ಆ ಹಕ್ಕಿನ ಭಾಗ. ಕಟಾವಾದ ಮೇಲೆ ಬೇಲಿಯಿಲ್ಲದ ಹೊಲಗಳೂ ಊರಿನ ದನಗಳಿಗೆ ತೆರೆದುಕೊಳ್ಳುತ್ತಿದ್ದವು. ಬೇಲಿಗೆ ನೇರವಾಗಿ ಸೇರದಿದ್ದರೂ ಅದೇ ಕಾಲದ ಒಂದು ತೀರ್ಪನ್ನು ಇಲ್ಲಿ ಸ್ಮರಿಸಬೇಕು. ರೂತಳು ಬೋವಜನ ಹೊಲದಲ್ಲಿ ಮಾಡಿದಂತೆ ಹಕ್ಕಲಾಯುವುದು ಬಡವರ ಹಕ್ಕೇ ಎಂಬ ಪ್ರಶ್ನೆ 1788ರಲ್ಲಿ ಲಂಡನ್ನಿನ ನ್ಯಾಯಾಲಯದ ಮುಂದೆ ಬಂದಿತು. ಮೋಶೆಯ ಧರ್ಮಶಾಸ್ತ್ರದ ಆಧಾರವನ್ನೂ ಮುಂದಿಡಲಾಯಿತು. ನಾಲ್ವರು ನ್ಯಾಯಾಧೀಶರಲ್ಲಿ ಮೂವರು ಅಂತಹ ಹಕ್ಕು ಇಲ್ಲವೆಂದರು. ಕ್ರೈಸ್ತ ರಾಜ್ಯವೆಂದು ಹೇಳಿಕೊಳ್ಳುತ್ತಿದ್ದ ದೇಶದ ತೀರ್ಪಿದು!

ಹಿಂದಿನ ಕಾಲದಲ್ಲಿ ಪ್ರಸಂಗಪೀಠ ಇಷ್ಟು ಮೌನವಾಗಿರಲಿಲ್ಲ. 1516ರಲ್ಲಿ ಥಾಮಸ್ ಮೋರ್ ತಮ್ಮ 'ಯುಟೋಪಿಯ'ದಲ್ಲಿ ಕುರಿಗಳಿಗಾಗಿ ಜನರನ್ನು ಒಕ್ಕಲೆಬ್ಬಿಸಿದವರನ್ನು ಹೆಸರಿಸುವಾಗ ಮಠಾಧಿಪತಿಗಳನ್ನೂ ಬಿಡಲಿಲ್ಲ. 1549ರಲ್ಲಿ ಹ್ಯೂ ಲ್ಯಾಟಿಮರ್ ಅರಸನಾದ ಆರನೆಯ ಎಡ್ವರ್ಡನ ಎದುರಿನಲ್ಲೇ ಬೇಲಿ ಹಾಕುವವರನ್ನು ಖಂಡಿಸಿದರು. ಎರಡು ಶತಮಾನಗಳ ನಂತರ ಅಂತಹ ಧ್ವನಿ ವಿರಳವಾಯಿತು. ಇದಕ್ಕೆ ಕಾರಣಗಳು ಹಲವು. ದಶಮಾಂಶವು ಅವುಗಳಲ್ಲಿ ನಮಗೆ ಹತ್ತಿರವಾದದ್ದು.

ಹಳೆಯ ಪದ್ಧತಿಯಲ್ಲಿ ಹತ್ತನೆಯ ಸಿವುಡು, ಹತ್ತನೆಯ ಕುರಿಮರಿ ದಶಮಾಂಶದ ಹಕ್ಕುದಾರನಿಗೆ ಸಲ್ಲಬೇಕಾಗಿತ್ತು. ರೈತರಿಗೆ ಇದು ಅಸಹ್ಯ, ಸಭಾಪಾಲಕನಿಗೆ ನಿತ್ಯದ ಜಗಳ. ಆದರೂ ಮಳೆ ಕೈಕೊಟ್ಟ ವರ್ಷ ಸಭಾಪಾಲಕನ ಕಣಜವೂ ಬರಿದಾಗುತ್ತಿತ್ತು. ಬೇಲಿ ಹಾಕುವ ಶಾಸನಗಳು ಈ ಸಂಬಂಧವನ್ನು ಅನೇಕ ಊರುಗಳಲ್ಲಿ ಕಡಿದುಹಾಕಿದವು. ದಶಮಾಂಶಕ್ಕೆ ಬದಲಾಗಿ ಭೂಮಿಯನ್ನೇ ಕೊಡಲಾಯಿತು: ಬಹಳ ಕಡೆ ಉಳುಮೆಯ ಭೂಮಿಯಲ್ಲಿ ಐದನೆಯ ಒಂದು ಪಾಲು, ಹುಲ್ಲುಗಾವಲಿನಲ್ಲಿ ಸುಮಾರು ಒಂಬತ್ತನೆಯ ಒಂದು ಪಾಲು. ಆ ಪಾಲಿಗೆ ಬೇಲಿ ಹಾಕುವ ಖರ್ಚನ್ನು ಸಾಮಾನ್ಯವಾಗಿ ಉಳಿದ ಭೂಮಾಲಿಕರು ಹೊರಬೇಕಾಗಿತ್ತು. ಹತ್ತನೆಯ ಒಂದು ಪಾಲು ಐದನೆಯ ಒಂದಾದ ಲೆಕ್ಕಕ್ಕೂ ಒಂದು ವಿವರಣೆಯಿತ್ತು. ಉಳುವ, ಬಿತ್ತುವ ಖರ್ಚನ್ನು ಕಳೆಯದೆ ಇಡೀ ಫಸಲಿನ ಮೇಲೆ ದಶಮಾಂಶ ಸಲ್ಲುತ್ತಿದ್ದುದರಿಂದ, ಭೂಮಿಯ ಗುತ್ತಿಗೆಯ ರೂಪದಲ್ಲಿ ಅದರ ಬೆಲೆ ಹೆಚ್ಚು. ಲೆಕ್ಕ ಸರಿಯಿರಬಹುದು, ಊರಿನ ಸೇವಕನು ಊರಿನ ಭೂಮಾಲಿಕನಾದದ್ದಂತೂ ಸತ್ಯ. 1830ರ ದಶಕದ ಹೊತ್ತಿಗೆ ಜಿಲ್ಲಾ ಮ್ಯಾಜಿಸ್ಟ್ರೇಟರಲ್ಲಿ ಸುಮಾರು ಕಾಲು ಭಾಗ ಸಭಾಪಾಲಕರೇ ಆಗಿದ್ದರು. ಬೇಲಿ ಮುರಿದವನು ಅವರ ಮುಂದೆಯೇ ನಿಲ್ಲಬೇಕಾಗಿ ಬರಬಹುದಾಗಿತ್ತು.

1604ರಿಂದ 1914ರವರೆಗೆ ಇಂತಹ 5,200ಕ್ಕೂ ಹೆಚ್ಚು ಮಸೂದೆಗಳು ಸುಮಾರು 68 ಲಕ್ಷ ಎಕರೆಗೆ ಸಂಬಂಧಿಸಿದ್ದವು. ಇದು ಇಂಗ್ಲೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಒಪ್ಪಿಗೆಯನ್ನು ಅಳೆದದ್ದು ತಲೆಗಳ ಎಣಿಕೆಯಿಂದಲ್ಲ, ಆಸ್ತಿಯ ಪ್ರಮಾಣದಿಂದ. 1774ರಿಂದ ಮಸೂದೆಯ ಸೂಚನೆಯನ್ನು ದೇವಾಲಯದ ಬಾಗಿಲಿಗೆ ಮೂರು ಭಾನುವಾರ ಅಂಟಿಸಬೇಕೆಂಬ ನಿಯಮ ಬಂದಿತು. ಓದುಬಾರದ ಬಡವನು ಆ ಕಾಗದದ ಪಕ್ಕದಲ್ಲೇ ಹಾದು ಆರಾಧನೆಗೆ ಹೋಗಿರಬೇಕು. ದಾಖಲೆಯಿಲ್ಲದ ಗುಡಿಸಲಿನವನಿಗೆ ಪಾಲೇ ಇಲ್ಲ. ತುಂಡು ನೆಲ ಸಿಕ್ಕವರಲ್ಲಿ ಅನೇಕರು ಬೇಲಿಯ ಖರ್ಚು ತಾಳಲಾರದೆ ಅದನ್ನು ಮಾರಿದರು. ಹಸು ಹೋದ ಮನೆಯಲ್ಲಿ ಮಕ್ಕಳಿಗೆ ಹಾಲಿಲ್ಲ, ಕೂಲಿಯ ಹೊರತು ಬೇರೆ ಆಸರೆಯಿಲ್ಲ.

ಎಲ್ಲ ಸಭಾಪಾಲಕರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಬರ್ಕ್‌ಷೈರಿನ ಬಾರ್ಕಮ್ ಎಂಬ ಸಣ್ಣ ಊರಿನ ರೆಕ್ಟರ್ ಡೇವಿಡ್ ಡೇವೀಸರು 1787ರಲ್ಲಿ ತಮ್ಮ ಸಭೆಯ ಆರು ಕೂಲಿ ಕುಟುಂಬಗಳ ಆದಾಯ ಮತ್ತು ಖರ್ಚನ್ನು ಬರೆದಿಟ್ಟರು. ರೊಟ್ಟಿಗೆಷ್ಟು, ಸಾಬೂನಿಗೆಷ್ಟು, ದಾರಕ್ಕೆಷ್ಟು ಎಂಬ ಪಟ್ಟಿ ಅದು. ಬಡವನು ಸೋಮಾರಿಯಾದ್ದರಿಂದ ಬಡವನು ಎಂಬ ಮಾತಿಗೆ ಅವರು ಕೊಟ್ಟ ಉತ್ತರ ಆ ಪಟ್ಟಿ. ದುಡಿದರೂ ಹೊಟ್ಟೆ ತುಂಬದ ಸ್ಥಿತಿಗೆ ನೆಲದ ಆಸರೆ ತಪ್ಪಿದ್ದೂ ಒಂದು ಕಾರಣವೆಂದು 1795ರ ಗ್ರಂಥದಲ್ಲಿ ಅವರು ವಾದಿಸಿದರು. ಪ್ರವಾದನೆಯು ಯಾವಾಗಲೂ ಗುಡುಗಿನಂತೆಯೇ ಬರಬೇಕೆಂದಿಲ್ಲ. ಕೆಲವೊಮ್ಮೆ ಅದು ಲೆಕ್ಕದ ಪುಸ್ತಕದಂತೆಯೂ ಬರುತ್ತದೆ. ಬೇಲಿಯ ದೊಡ್ಡ ಪ್ರಚಾರಕರಾಗಿದ್ದ ಆರ್ಥರ್ ಯಂಗ್ ಕೂಡ 1797ರಲ್ಲಿ ಮಗಳನ್ನು ಕಳೆದುಕೊಂಡು ಗಾಢ ಧರ್ಮಶ್ರದ್ಧೆಗೆ ತಿರುಗಿದ ಮೇಲೆ, ಇಪ್ಪತ್ತರಲ್ಲಿ ಹತ್ತೊಂಬತ್ತು ಶಾಸನಗಳಿಂದ ಬಡವರಿಗೆ ಹಾನಿಯಾಗಿದೆಯೆಂದು 1801ರಲ್ಲಿ ಬರೆದರು. ಬೇಲಿ ಬೇಡವೆಂದು ಅವರು ಹೇಳಲಿಲ್ಲ. ಗುಡಿಸಲಿನವನಿಗೂ ಒಂದು ಹಸುವಿಗಾಗುವಷ್ಟು ನೆಲ ಇರಲಿ ಎಂದರು.

ಇನ್ನೊಂದು ಸಂಗತಿ. ಕ್ರಿಸ್ತನ ಸ್ವರ್ಗಾರೋಹಣ ದಿನದ ಹಿಂದಿನ ದಿನಗಳಲ್ಲಿ ಸಭಾಪಾಲಕನೂ ಊರವರೂ ಒಟ್ಟಾಗಿ ಊರಿನ ಗಡಿಯನ್ನು ಸುತ್ತಿ, ಬೆಳೆಗಾಗಿ ಪ್ರಾರ್ಥಿಸುವ ಪದ್ಧತಿ ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಇತ್ತು. ಕವಿ ಜಾರ್ಜ್ ಹರ್ಬರ್ಟ್ ಸಭಾಪಾಲಕರಿಗಾಗಿ ಬರೆದ ಕೈಪಿಡಿಯಲ್ಲಿ ಅದನ್ನು ಮೆಚ್ಚಿದ್ದಾರೆ. 1830ರ ಸೆಪ್ಟೆಂಬರ್ 6ರಂದು ಆಕ್ಸ್‌ಫರ್ಡಿನ ಸಮೀಪದ ಆಟ್‌ಮೂರ್ ಎಂಬ ಜೌಗು ಬಯಲಿನ ಸುತ್ತಣ ಊರುಗಳ ಸುಮಾರು ಸಾವಿರ ಜನರು ಆ ಬಯಲಿನ ಏಳು ಮೈಲಿ ಗಡಿಯನ್ನು ಹಾಡುಹಗಲೇ ಸುತ್ತಿದರು. ದಾರಿಯಲ್ಲಿ ಸಿಕ್ಕ ಬೇಲಿಗಳನ್ನೆಲ್ಲ ಮುರಿದರು. ಸೈನಿಕರು ಬಂದು ಹಲವರನ್ನು ಸೆರೆಹಿಡಿದರು. ಬಂದಿಗಳ ಬಂಡಿಗಳು ಆಕ್ಸ್‌ಫರ್ಡನ್ನು ಮುಟ್ಟಿದಾಗ ಅಲ್ಲಿ ಸಂತ ಗೈಲ್ಸನ ಜಾತ್ರೆ ನಡೆಯುತ್ತಿತ್ತು. ಜಾತ್ರೆಯ ಜನ ಸೈನಿಕರ ಮೇಲೆ ಕಲ್ಲು ತೂರಿ, ಅವರನ್ನೆಲ್ಲ ಬಿಡಿಸಿಕೊಂಡರು.