ಶಾಸನಕ್ಕೂ ಒಂದು ವಿಳಾಸ ಬೇಕು

ಚರಿತ್ರೆಯ ಬರಹದಲ್ಲಿ ‘ಶಾಸನವೊಂದರಿಂದ ತಿಳಿದುಬರುತ್ತದೆ’ ಎಂಬ ಮಾತು ಬಂದೊಡನೆ ಓದುಗನ ಮನಸ್ಸಿನಲ್ಲಿ ಏಳಬೇಕಾದ ಪ್ರಶ್ನೆ, ‘ಯಾವ ಶಾಸನ? ಅದನ್ನು ನಾನು ಎಲ್ಲಿ ನೋಡಬಹುದು?’ ಎಂಬುದು. ಈ ಪ್ರಶ್ನೆಗೆ ಲೇಖಕನು ಕೊಡುವ ಉತ್ತರವೇ ಅಡಿಟಿಪ್ಪಣಿ. ಪ್ರಬಂಧ ಮುಗಿದ ಮೇಲೆ ತೊಡಿಸುವ ಒಡವೆಯೆಂದು ಅದನ್ನು ಭಾವಿಸುವವರೇ ಹೆಚ್ಚು. ನನ್ನ ಮಟ್ಟಿಗೆ ಅದು ಕಾಗದದ ಮೇಲಿನ ವಿಳಾಸವಿದ್ದಂತೆ. ವಿಳಾಸ ತಪ್ಪಿದರೆ ಒಳಗಿನ ಒಕ್ಕಣೆ ಎಷ್ಟೇ ಸೊಗಸಾಗಿದ್ದರೂ ಕಾಗದ ಸೇರಬೇಕಾದವರಿಗೆ ಸೇರುವುದಿಲ್ಲ.

ನಮ್ಮ ನಾಡಿನ ಶಾಸನಗಳಿಗೆ ಇಂಥ ವಿಳಾಸವನ್ನು ಒದಗಿಸಿದ ಕೀರ್ತಿ ಬಿ.ಎಲ್. ರೈಸ್ ಅವರದು. 1837ರಲ್ಲಿ ಬೆಂಗಳೂರಿನಲ್ಲೇ ಜನಿಸಿದ ಈ ಮಹನೀಯರು ಮೈಸೂರು ಸಂಸ್ಥಾನ ಮತ್ತು ಕೊಡಗಿನ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು 1886ರಿಂದ 1905ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿದರು. ಅದೇ ‘ಎಪಿಗ್ರಾಫಿಯಾ ಕರ್ನಾಟಿಕಾ’. ಜಿಲ್ಲೆಗೆ ಸಂಪುಟ, ತಾಲ್ಲೂಕಿಗೆ ಸಂಕ್ಷಿಪ್ತಾಕ್ಷರ, ಶಾಸನಕ್ಕೆ ಕ್ರಮಸಂಖ್ಯೆ, ಇದು ಅವರ ಕ್ರಮ. ಕದಂಬರ ಪ್ರಸಿದ್ಧ ತಾಳಗುಂದದ ಸ್ತಂಭಶಾಸನವನ್ನು ಇಂದಿಗೂ ವಿದ್ವಾಂಸರು ‘ಸಂಪುಟ 7, ಶಿಕಾರಿಪುರ 176’ ಎಂದು ಉಲ್ಲೇಖಿಸುವುದು ಈ ಕಾರಣದಿಂದ. ಮೂರೇ ಪದಗಳಲ್ಲಿ ಓದುಗನು ಕಲ್ಲಿನ ಮುಂದೆ ಹೋಗಿ ನಿಲ್ಲುತ್ತಾನೆ.

ಆದರೆ ಒಂದು ತೊಡಕುಂಟು. ಸಂಶೋಧನೆ ನಿಂತ ನೀರಲ್ಲ. ರೈಸ್ ಅವರು 1889ರಲ್ಲಿ ಪ್ರಕಟಿಸಿದ ಶ್ರವಣಬೆಳಗೊಳದ ಸಂಪುಟದಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿದಾಗ ಆ ಸಂಖ್ಯೆ 500ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1973ರಲ್ಲಿ ಹೊರತಂದ ಆವೃತ್ತಿಯಲ್ಲಿ ಅದು 573 ಆಯಿತು. ಹೊಸಬರು ಬಂದು ಸೇರಿದಂತೆಲ್ಲ ಹಳಬರ ಮನೆಯ ಸಂಖ್ಯೆ ಬದಲಾಗದಿರುತ್ತದೆಯೇ? ಎಚ್ಚರವುಳ್ಳ ಲೇಖಕರು ಹೊಸ ಸಂಖ್ಯೆಯ ಪಕ್ಕದಲ್ಲೇ ಹಳೆಯ ಸಂಖ್ಯೆಯನ್ನೂ ಆವರಣದಲ್ಲಿ ಕೊಡುವುದು ಇದಕ್ಕಾಗಿ.

ಸಂಪುಟದ ಸಂಖ್ಯೆಯೂ ಇದಕ್ಕೆ ಹೊರತಲ್ಲ. ಕೆಲವು ವರ್ಷಗಳ ಹಿಂದೆ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧದ ಕರಡನ್ನು ನನಗೆ ತೋರಿಸಿದಳು. ಬೇಲೂರಿನ ಹೊಯ್ಸಳ ಶಾಸನವೊಂದಕ್ಕೆ ಒಂದು ಪುಟದಲ್ಲಿ ಐದನೆಯ ಸಂಪುಟವೆಂದೂ ಇನ್ನೊಂದು ಪುಟದಲ್ಲಿ ಒಂಬತ್ತನೆಯ ಸಂಪುಟವೆಂದೂ ಆಧಾರ ಕೊಟ್ಟಿದ್ದಳು. ಎರಡೂ ಸರಿಯೇ! ರೈಸ್ ಅವರ ಐದನೆಯ ಸಂಪುಟ ಹಾಸನ ಜಿಲ್ಲೆಯದು. ಹೊಸ ಪರಿಷ್ಕರಣೆಯಲ್ಲಿ ಬೇಲೂರು ತಾಲ್ಲೂಕು ಒಂಬತ್ತನೆಯ ಸಂಪುಟಕ್ಕೆ ಬಂದಿದೆ. ಆದರೆ ಆವೃತ್ತಿಯ ಹೆಸರಿಲ್ಲದ ‘ಸಂಪುಟ 9’ನ್ನು ನಂಬಿ ಹಳೆಯ ಸಂಪುಟವನ್ನು ತೆರೆದವನಿಗೆ ಸಿಗುವುದು ಬೆಂಗಳೂರು ಜಿಲ್ಲೆಯ ಶಾಸನಗಳು. ‘ಮೂಲವನ್ನು ನೋಡಿದ್ದೀಯೇನಮ್ಮಾ?’ ಎಂದು ಕೇಳಿದೆ. ‘ಇಲ್ಲ ಸರ್, ಎರಡು ಬೇರೆ ಬೇರೆ ಪುಸ್ತಕಗಳಿಂದ ತೆಗೆದುಕೊಂಡೆ’ ಎಂದಳು. ಹಾಗಿದ್ದರೆ ಆ ಪುಸ್ತಕಗಳ ಹೆಸರನ್ನು ಹೇಳಿ, ‘ಅಲ್ಲಿ ಉದ್ಧೃತ’ ಎಂದು ಬರೆಯುವುದೇ ಪ್ರಾಮಾಣಿಕತೆ. ಕಾಣದುದನ್ನು ಕಂಡಂತೆ ಬರೆಯುವುದು ಸಾಕ್ಷಿ ನುಡಿಯುವವನಿಗೆ ತಕ್ಕುದಲ್ಲ.

ಲಿಪಿಯಿಂದಲೂ ಒಂದು ಗೊಂದಲ ಹುಟ್ಟುತ್ತದೆ. ಇಂಗ್ಲಿಷ್ ಬರಹಗಳಲ್ಲಿ ಸೊರಬಕ್ಕೂ ಶ್ರವಣಬೆಳಗೊಳಕ್ಕೂ ಬಳಸುವ ಸಂಕ್ಷಿಪ್ತಾಕ್ಷರಗಳು ‘ಎಸ್‌ಬಿ’ಯೇ, ಎರಡನೆಯ ಅಕ್ಷರ ಚಿಕ್ಕದೋ ದೊಡ್ಡದೋ ಎಂಬುದಷ್ಟೇ ವ್ಯತ್ಯಾಸ. ನಮ್ಮ ಲಿಪಿಯಲ್ಲಿ ಅಂಥ ಭೇದವಿಲ್ಲ. ಆದ್ದರಿಂದ ಕನ್ನಡದಲ್ಲಿ ಬರೆಯುವಾಗ ಊರಿನ ಹೆಸರನ್ನು ಪೂರ್ತಿಯಾಗಿ ಬರೆಯುವುದೇ ಕ್ಷೇಮ. ಗಡಿಗಳೂ ಬದಲಾಗಿವೆ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ರೈಸ್ ಅವರ ಕಾಲಕ್ಕೆ ಅದು ಮೈಸೂರು ಜಿಲ್ಲೆಗೆ ಸೇರಿದ ತಾಲ್ಲೂಕು.

ಕಾಲದ ವಿಷಯದಲ್ಲಿಯೂ ಇಷ್ಟೇ ಎಚ್ಚರ ಬೇಕು. ಬಾದಾಮಿಯ ಬಂಡೆಗಲ್ಲಿನ ಶಾಸನದಲ್ಲಿ ಶಕವರ್ಷ 465 ಎಂದು ಸ್ಪಷ್ಟವಾಗಿದೆ. 78 ಕೂಡಿಸಿದರೆ ಕ್ರಿ.ಶ. 543 ಆಗುತ್ತದೆ. ಹಲ್ಮಿಡಿ ಶಾಸನದಲ್ಲಾದರೋ ಶಕವರ್ಷವೇ ಇಲ್ಲ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಆ ಕಲ್ಲಿಗೆ ಹೇಳುವ ‘ಸುಮಾರು 450’ ಎಂಬುದು ಲಿಪಿ, ಭಾಷೆ, ವಿಷಯಗಳನ್ನು ನೋಡಿ ವಿದ್ವಾಂಸರು ಮಾಡಿದ ಊಹೆ. ‘ಸುಮಾರು’ ಎಂಬ ಪದವನ್ನು ಅವಸರದಲ್ಲಿ ಬಿಟ್ಟರೆ ಊಹೆಯು ಸತ್ಯದ ವೇಷ ತೊಟ್ಟುಬಿಡುತ್ತದೆ.

ಆದುದರಿಂದ ಕಿರಿಯ ಮಿತ್ರರಿಗೆ ನನ್ನ ವಿನಂತಿ ಇಷ್ಟೆ. ಗ್ರಂಥ ಕೈಯಲ್ಲಿರುವಾಗಲೇ ಊರು, ಅಂದಿನ ತಾಲ್ಲೂಕು, ಸಂಪುಟ, ಆವೃತ್ತಿ, ಪ್ರಕಟಣೆಯ ವರ್ಷ, ಶಾಸನಸಂಖ್ಯೆ, ಬಳಸಿಕೊಂಡ ಸಾಲು ಇವಿಷ್ಟನ್ನೂ ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ‘ಆಮೇಲೆ ಹುಡುಕಿದರಾಯಿತು’ ಎಂದವರಿಗೆ ಆ ‘ಆಮೇಲೆ’ ಬರುವುದೇ ಇಲ್ಲ. ಪುಟಸಂಖ್ಯೆ ಕೊಟ್ಟರೂ ಶಾಸನಸಂಖ್ಯೆಯನ್ನು ಬಿಡಬೇಡಿ. ರೈಸ್ ಅವರ ಸಂಪುಟಗಳಲ್ಲಿ ಪಾಠ, ಅನುವಾದಗಳು ಬೇರೆ ಬೇರೆ ಭಾಗಗಳಲ್ಲಿವೆ.

ಇದು ಬರಿಯ ಅಚ್ಚುಕಟ್ಟಿನ ಮಾತಲ್ಲ. ಬಯಲಲ್ಲಿರುವ ಕಲ್ಲು ಮಳೆಬಿಸಿಲಿಗೆ ಸವೆಯುತ್ತದೆ. ರಸ್ತೆಗೋ ಮನೆಯ ಪಾಯಕ್ಕೋ ಬಲಿಯಾಗುವುದೂ ಉಂಟು. ಆಗ ಆ ಕಲ್ಲು ಉಳಿಯುವುದು ಅಚ್ಚಾದ ಪಾಠದಲ್ಲಿ ಮಾತ್ರ, ಆ ಪಾಠಕ್ಕೆ ದಾರಿ ತೋರುವುದು ನಾವು ಬರೆದಿಟ್ಟ ಒಂದು ಸಾಲಿನ ಟಿಪ್ಪಣಿ ಮಾತ್ರ.